ನಡತೆ ಪತ್ರ ಹೇಳುವುದೆಷ್ಟು? ಅಕಿವಾಟ ಸೀಮೆಯ ತಾಲೀಮು, ಮೈದಾನಗಳಲ್ಲಿ ತರಬೇತುದಾರರ ಪೂರ್ವಾಪರ ವಿಚಾರಣೆ: ಒಂದು ಟಿಪ್ಪಣಿ

1. ಪ್ರಶ್ನೆ

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಾವಳಿಯಲ್ಲಿ ಮೂರನೆಯ ನಿಯಮದ ನಾಲ್ಕನೆಯ ಉಪನಿಯಮ ಚಿಕ್ಕದು, ಆದರೆ ಅದರ ಭಾರ ದೊಡ್ಡದು. ಮಕ್ಕಳಿಗೆ ವಸತಿ ಕೊಡುವ ಅಥವಾ ಮಕ್ಕಳೊಡನೆ ನಿತ್ಯ ಒಡನಾಟವಿರುವ ಪ್ರತಿ ಸಂಸ್ಥೆಯೂ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಪೂರ್ವಾಪರ ವಿಚಾರಣೆಯನ್ನು ಕಾಲಕಾಲಕ್ಕೆ ಮಾಡಿಸಲೇಬೇಕು ಎಂದು ಅದು ವಿಧಿಸುತ್ತದೆ. ಶಾಲೆ, ಶಿಶುವಿಹಾರಗಳ ಸಾಲಿನಲ್ಲಿಯೇ ಕ್ರೀಡಾ ಅಕಾಡೆಮಿಗಳ ಹೆಸರನ್ನೂ ಎತ್ತಿ ಹೇಳುತ್ತದೆ. ಬೋಧಕರು, ಬೋಧಕೇತರರು, ಕಾಯಂ ನೌಕರರು, ಗುತ್ತಿಗೆಯವರು ಎಲ್ಲರೂ ಅದರ ಅಡಿಯಲ್ಲಿ ಬರುತ್ತಾರೆ.

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಅಕಿವಾಟದಂಥ ಗಡಿ ಊರಿನಲ್ಲಿ ಈ ನಿಯಮ ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಪೊಲೀಸರು ಕೊಡುವ ನಡತೆ ಪತ್ರವೊಂದನ್ನೇ ನಂಬಿದರೆ ಅದು ನಿರುಪದ್ರವಿಯಾದ ಹಲವರನ್ನು ತಡೆದು, ತಡೆಯಲೇಬೇಕಾದ ಕೆಲವರನ್ನು ಒಳಗೆ ಬಿಡುವ ಅಪಾಯವಿದೆ. ಪತ್ರಕ್ಕಿಂತ ಹೆಚ್ಚು ತೂಕದ್ದು, ಆ ವ್ಯಕ್ತಿ ಹಿಂದೆ ಕೆಲಸ ಮಾಡಿದ ಜಾಗದಲ್ಲಿ ನಡೆಸುವ ನೇರ ವಿಚಾರಣೆ.

2. ಈ ಸೀಮೆಯ ಆಟದ ಮನೆಗಳು

ಕೊಲ್ಹಾಪುರ ಸೀಮೆಯಲ್ಲಿ ಆಟ ಎಂದರೆ ಮೊದಲು ಕುಸ್ತಿ. ಶಾಹೂ ಮಹಾರಾಜರ ಆಶ್ರಯದಲ್ಲಿ ಬೆಳೆದ ಈ ಪರಂಪರೆಗೆ 1912ರಲ್ಲಿ ಸಿದ್ಧವಾದ ಖಾಸಬಾಗ ಮೈದಾನವೇ ಸಾಕ್ಷಿ. ತಾಲೀಮು ಎಂಬುದು ಬರೀ ವ್ಯಾಯಾಮದ ಜಾಗವಾಗಿ ಉಳಿದಿಲ್ಲ. ಕೊಲ್ಹಾಪುರ ನಗರದಲ್ಲಿ ಪಾಟಾಕಡೀಲ ತಾಲೀಮು ಮಂಡಳ, ದಿಲಬಹಾರ ತಾಲೀಮು ಮಂಡಳಗಳಂಥವು ಫುಟ್‌ಬಾಲ್ ತಂಡ ಕಟ್ಟುತ್ತವೆ. ಇಚಲಕರಂಜಿಯಲ್ಲಿ ಕಬಡ್ಡಿ, ಖೋ ಖೋ ಬಲವಾಗಿವೆ. ಗಡಹಿಂಗ್ಲಜದಲ್ಲಿ ಫುಟ್‌ಬಾಲಿನ ಹುಚ್ಚು ಹಳೆಯದು. ಇವುಗಳ ಜೊತೆಗೆ ಈಚೆಗೆ ಪೊಲೀಸ್ ಮತ್ತು ಸೈನ್ಯ ಭರತಿಯ ತಯಾರಿ ಮಾಡಿಸುವ ಅಕಾಡೆಮಿಗಳು ಬಂದಿವೆ. ಊರ ಹೆಸರಿನಲ್ಲೇ ಸೈನಿಕರನ್ನು ಹೊತ್ತ ಸೈನಿಕ ಟಾಕಳಿ ಇದೇ ಶಿರೋಳ ತಾಲೂಕಿನದು. ಭರತಿಯ ತಯಾರಿಗೆ ಬರುವ ಹುಡುಗರಲ್ಲಿ ಹದಿನೆಂಟು ತುಂಬದವರೂ ಇರುತ್ತಾರೆ. ಕಾನೂನಿನ ಕಣ್ಣಿಗೆ ಅವರು ಮಕ್ಕಳೇ.

ವಸತಿ ತಾಲೀಮಿನ ದಿನಚರಿಯನ್ನು ಹತ್ತಿರದಿಂದ ನೋಡಬೇಕು. ನಸುಕಿನಲ್ಲಿ ಏಳುವುದು, ದಂಡ ಬೈಠಕು, ಕೆಂಪು ಮಣ್ಣಿನ ಹೌದದಲ್ಲಿ ಜೋರು ಅಂದರೆ ಕುಸ್ತಿಯ ಅಭ್ಯಾಸ, ಆಮೇಲೆ ಬದಾಮಿನ ಥಂಡಾಯಿ, ಹಾಲು, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ಜೋರು. ಹನ್ನೆರಡು ಹದಿಮೂರರ ಹುಡುಗ ಮನೆ ಬಿಟ್ಟು ಬಂದು, ತನಗಿಂತ ಎಷ್ಟೋ ದೊಡ್ಡವರಾದ ಪೈಲವಾನರ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಾನೆ. ಕಿರಿಯರು ಹಿರಿಯರ ಮೈಗೆ ಎಣ್ಣೆ ಹಚ್ಚಿ ಮಾಲೀಶು ಮಾಡುವುದು ರೂಢಿ. ಊಟ, ಜೋಡಿ, ಮೈದಾನದಲ್ಲಿ ಸಿಗುವ ಕುಸ್ತಿ, ಎಲ್ಲವೂ ತಾಲೀಮಿನ ಗುರುಗಳಾದ ವಸ್ತಾದರ ಮಾತಿನ ಮೇಲೆ. ಈ ಪದ್ಧತಿಯಲ್ಲಿ ದೊಡ್ಡ ಪೈಲವಾನರು ತಯಾರಾಗಿದ್ದಾರೆ ಎಂಬುದು ನಿಜ. ಮೈ ಮುಟ್ಟುವುದು, ಏಕಾಂತ, ಪೂರ್ಣ ಅವಲಂಬನೆ, ಎದುರು ಮಾತಾಡದ ಭಕ್ತಿ ಈ ನಾಲ್ಕೂ ಒಂದೇ ಸೂರಿನಡಿ ಸೇರುತ್ತವೆ ಎಂಬುದೂ ಅಷ್ಟೇ ನಿಜ. ಕೆಟ್ಟ ಮನಸ್ಸಿನ ಒಬ್ಬನಿಗೆ ಇಷ್ಟು ಸಾಕು.

ಕ್ರೀಡೆಯಲ್ಲಿ ಈ ಅಪಾಯ ಕಲ್ಪನೆಯದಲ್ಲ. ಮಾಹಿತಿ ಹಕ್ಕಿನಲ್ಲಿ ಪಡೆದ ದಾಖಲೆಗಳನ್ನು ಆಧರಿಸಿ 2020ರ ಜನವರಿಯಲ್ಲಿ ಪ್ರಕಟವಾದ ವರದಿಯಂತೆ, ಅದರ ಹಿಂದಿನ ಹತ್ತು ವರ್ಷಗಳಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಲ್ಲಿ ಲೈಂಗಿಕ ಕಿರುಕುಳದ 45 ದೂರುಗಳು ದಾಖಲಾಗಿದ್ದವು. ಅವುಗಳಲ್ಲಿ 29 ತರಬೇತುದಾರರ ಮೇಲಿನವು. ಸರ್ಕಾರದ ನೇರ ಆಡಳಿತವಿರುವ, ದೂರು ಕೊಡಲು ವ್ಯವಸ್ಥೆ ಇರುವ ಕೇಂದ್ರಗಳ ಲೆಕ್ಕ ಇದು. ಊರ ತಾಲೀಮಿನಲ್ಲಿ ದೂರನ್ನು ಬರೆದುಕೊಳ್ಳುವ ವಹಿಯೇ ಇರುವುದಿಲ್ಲ.

3. ನಿಯಮದ ಅಂಚು

ಉಪನಿಯಮವನ್ನು ಅಕ್ಷರಶಃ ಓದಿದರೆ ಮೂರು ತೊಡಕು ಕಾಣುತ್ತವೆ.

ಮೊದಲನೆಯದು, ಅದು ಹೇಳುವುದು ನೌಕರರ ಬಗ್ಗೆ. ಊರ ವಸ್ತಾದರು ಅನೇಕ ಕಡೆ ಯಾರ ನೌಕರರೂ ಅಲ್ಲ, ಸಂಬಳದ ಚೀಟಿ ಅವರಿಗಿಲ್ಲ. ಗಣೇಶೋತ್ಸವದ ಮಂಡಳದಲ್ಲಿ ಲೇಝೀಮು ಕಲಿಸುವ ತರುಣ, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಈಜು ಕಲಿಸುವವ, ಜಾತ್ರೆಯ ಕುಸ್ತಿಗೆ ಹುಡುಗರನ್ನು ಗಾಡಿಯಲ್ಲಿ ಒಯ್ಯುವವ ಇವರೆಲ್ಲ ಸೇವೆಗೆಂದು ಬಂದವರು. ನಿಯಮದ ಮಾತು ಇವರನ್ನು ಸ್ಪಷ್ಟವಾಗಿ ಮುಟ್ಟುವುದಿಲ್ಲ.

ಎರಡನೆಯದು, 'ಕಾಲಕಾಲಕ್ಕೆ' ಎಂದರೆ ಎಷ್ಟು ವರ್ಷಕ್ಕೊಮ್ಮೆ ಎಂದು ನಿಯಮ ಹೇಳುವುದಿಲ್ಲ. ಒಮ್ಮೆ ತಂದ ಪತ್ರ ಹತ್ತು ವರ್ಷ ಫೈಲಿನಲ್ಲಿ ಕೂತರೂ ಕೇಳುವವರಿಲ್ಲ.

ಮೂರನೆಯದು, ಪತ್ರ ತರಿಸಿಲ್ಲವೆಂದು ತಾಲೀಮನ್ನು ಕೇಳಬೇಕಾದ ಅಧಿಕಾರಿ ಯಾರು ಎಂಬುದು. ಶಾಲೆಗೆ ಶಿಕ್ಷಣ ಇಲಾಖೆ ಇದೆ. 2024ರ ಆಗಸ್ಟಿನಲ್ಲಿ ಠಾಣೆ ಜಿಲ್ಲೆಯ ಬದಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಹುಡುಗಿಯರ ಮೇಲೆ ದೌರ್ಜನ್ಯ ನಡೆದ ಪ್ರಕರಣ ಬಯಲಾದಾಗ ಮಹಾರಾಷ್ಟ್ರದ ಶಾಲಾ ಶಿಕ್ಷಣ ವಿಭಾಗ ಅದೇ ತಿಂಗಳ 21ರಂದು ಆದೇಶ ಹೊರಡಿಸಿ ಸಿಸಿಟಿವಿ, ದೂರು ಪೆಟ್ಟಿಗೆ, ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಇವನ್ನು ಬಿಗಿಗೊಳಿಸಿತು. ಆ ಪ್ರಕರಣದ ಆರೋಪಿ ಗುತ್ತಿಗೆದಾರರ ಮೂಲಕ ಅದೇ ತಿಂಗಳ ಆರಂಭದಲ್ಲಿ ಕೆಲಸಕ್ಕೆ ಸೇರಿದ್ದ ಸಫಾಯಿ ನೌಕರ. ಆದರೆ ಆದೇಶದ ವ್ಯಾಪ್ತಿ ಶಾಲೆಯ ಕಂಪೌಂಡಿಗೆ ಮುಗಿಯಿತು. ಸಂಜೆ ಐದಕ್ಕೆ ಶಾಲೆ ಬಿಟ್ಟು ತಾಲೀಮಿಗೆ ಹೋಗುವ ಅದೇ ಮಗುವಿಗೆ ಅಂಥ ಆದೇಶದ ರಕ್ಷಣೆ ಇಲ್ಲ.

ಕರ್ನಾಟಕದ ಅನುಭವವೂ ಹೀಗೆಯೇ. 2014ರ ಜುಲೈನಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರು ವರ್ಷದ ಹುಡುಗಿಯ ಮೇಲೆ ನಡೆದ ದೌರ್ಜನ್ಯದ ತನಿಖೆಯಲ್ಲಿ ಮೊದಲು ಸ್ಕೇಟಿಂಗ್ ತರಬೇತುದಾರ, ಆಮೇಲೆ ಜಿಮ್ ತರಬೇತುದಾರರು ಬಂಧಿತರಾದರು. ಊರೇ ಬೀದಿಗಿಳಿದ ಮೇಲೆ ಶಾಲೆಗಳಿಗೆ ಮಾರ್ಗಸೂಚಿ ಬಂತು. ದೌರ್ಜನ್ಯದ ಆರೋಪದಲ್ಲಿ ಬಂಧಿತರಾದವರು ಆಟ ಕಲಿಸುವವರಾಗಿದ್ದರೂ ಶಾಲೆಯ ಹೊರಗಿನ ಆಟದ ಕೇಂದ್ರಗಳತ್ತ ಗಮನ ಹರಿದದ್ದು ಕಡಿಮೆ.

4. ಗಡಿ, ಠಾಣೆ, ಹೆಸರು

ದತ್ತವಾಡದ ಕಡೆಯಿಂದ ದೂಧಗಂಗಾ ದಾಟಿದರೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅದರ ಚಂದಗಡ ತಾಲೂಕು ಮುಂಬಯಿ ರಾಜ್ಯದಲ್ಲೇ ಉಳಿದು ಕೊಲ್ಹಾಪುರಕ್ಕೆ ಸೇರಿತು. ಗೆರೆ ಬಿದ್ದರೂ ಸಂಬಂಧ, ಸಂತೆ, ಕುಸ್ತಿ ಯಾವುದೂ ಕಡಿಯಲಿಲ್ಲ. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ಅವರು ಚಿಕ್ಕೋಡಿ ತಾಲೂಕಿನ ಯಕ್ಸಂಬಾದವರು. ಅವರು ಪಳಗಿದ್ದು ಕೊಲ್ಹಾಪುರದ ಶಾಹೂಪುರಿ ತಾಲೀಮಿನಲ್ಲಿ. ಇಂದಿಗೂ ಉರುಸು, ಜಾತ್ರೆಗಳ ಜಂಗೀ ನಿಕಾಲಿ ಕುಸ್ತಿಗೆ ಎರಡೂ ಕಡೆಯ ಪೈಲವಾನರು ಬರುತ್ತಾರೆ, ವಸ್ತಾದರೂ ಬರುತ್ತಾರೆ.

ಪೊಲೀಸ್ ಪತ್ರದ ಹಾದಿ ಮಾತ್ರ ರಾಜ್ಯದ ಗೆರೆಗೆ ಬಂದು ಮುರಿಯುತ್ತದೆ. ಮಹಾರಾಷ್ಟ್ರದಲ್ಲಿ ಚಾರಿತ್ರ್ಯ ಪಡತಾಳಣಿಗೆ (ನಡತೆ ಪರಿಶೀಲನೆಗೆ) ಅರ್ಜಿ ಹಾಕಿದರೆ ಅದು ವಾಸಸ್ಥಳದ ಠಾಣೆಗೆ ಹೋಗಿ, ಅಲ್ಲಿಯ ವರದಿಯ ಮೇಲೆ ಪತ್ರ ಬರುತ್ತದೆ. ಕರ್ನಾಟಕದಲ್ಲಿ ಅರ್ಜಿಯ ದಾರಿ ಬೇರೆ, ಪೋರ್ಟಲ್ ಬೇರೆ, ಭಾಷೆ ಬೇರೆ. ಹಳ್ಳಿಯ ಮಟ್ಟದಲ್ಲೂ ವ್ಯತ್ಯಾಸವಿದೆ. ಮಹಾರಾಷ್ಟ್ರದಲ್ಲಿ 1967ರ ಗ್ರಾಮ ಪೊಲೀಸ್ ಕಾಯ್ದೆಯಡಿ ನೇಮಕವಾದ ಪೊಲೀಸ್ ಪಾಟೀಲರು ಊರಲ್ಲೇ ಇರುತ್ತಾರೆ, ಯಾರು ಎಂಥವರು ಎಂದು ಬಲ್ಲರು. ಕರ್ನಾಟಕದಲ್ಲಿ ಊರ ಪಟೇಲಿಕೆ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ಹೋಯಿತು. ಅಲ್ಲಿ ಕೇಳಬೇಕಾದವರು ಬೀಟಿನ ಪೊಲೀಸರು.

ಒಂದು ಕಲ್ಪಿತ ಸಂದರ್ಭ ಇಟ್ಟುಕೊಳ್ಳೋಣ. ಚಿಕ್ಕೋಡಿ ತಾಲೂಕಿನಲ್ಲಿ ಎಂಟು ವರ್ಷ ಕುಸ್ತಿ ಕಲಿಸಿದವ ಈಗ ಶಿರೋಳ ತಾಲೂಕಿನ ಊರೊಂದರಲ್ಲಿ ಮನೆ ಹಿಡಿದಿದ್ದಾನೆ. ಅವನು ತರುವ ಪತ್ರ ಈಗಿನ ವಿಳಾಸದ್ದು. ಅವನನ್ನು ಬಲ್ಲ ಎಂಟು ವರ್ಷ ಗೆರೆಯ ಆ ಕಡೆ ಇವೆ. ಇದರ ಮೇಲೆ ಹೆಸರಿನ ತೊಡಕು. ಈ ಸೀಮೆಯ ಜೈನ, ಲಿಂಗಾಯತ ಮನೆಗಳಲ್ಲಿ ಕನ್ನಡ ದಾಖಲೆಯ ಬಸಗೌಡ ಮರಾಠಿ ದಾಖಲೆಯಲ್ಲಿ ಬಸಗೊಂಡಾ ಆಗುತ್ತಾನೆ. ಭೀಮಗೌಡ ಭೀಮಗೊಂಡಾ ಆಗುತ್ತಾನೆ. ಅಡ್ಡಹೆಸರು ಒಂದು ಕಡೆ ಊರಿನದು, ಇನ್ನೊಂದು ಕಡೆ ಪಾಟೀಲ. ದೇಶದ ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಜಾಲ ಈಗ ಇದೆ. ಒಂದು ರಾಜ್ಯದ ಠಾಣೆ ಇನ್ನೊಂದು ರಾಜ್ಯದ ದಾಖಲೆಯನ್ನು ಹುಡುಕಬಹುದು. ಆದರೆ ಹುಡುಕುವವರು ಯಾವ ಹೆಸರು ಬೆರಳಚ್ಚಿಸುತ್ತಾರೋ ಅದಕ್ಕಷ್ಟೇ ಅದು ಉತ್ತರ ಕೊಡುತ್ತದೆ.

ಇಂಥ ಬಿರುಕು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಸೋಹಮ್ ಪ್ರಕರಣ ನಿದರ್ಶನ. 2002ರ ಆಗಸ್ಟಿನಲ್ಲಿ ಅಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರು ಕೊಲೆಯಾದರು. ಕೊಲೆಗಾರ ಶಾಲೆಯೊಂದರ ಕೇರ್‌ಟೇಕರ್. ಹಂಬರ್‌ಸೈಡ್ ಪೊಲೀಸರಲ್ಲಿ ಅವನ ಮೇಲೆ ಹಿಂದೆ ಹಲವು ಆರೋಪಗಳು ಬಂದಿದ್ದವು, ಶಿಕ್ಷೆ ಯಾವುದರಲ್ಲೂ ಆಗಿರಲಿಲ್ಲ. ಅವನು ಬೇರೆ ಅಡ್ಡಹೆಸರು ಹಿಡಿದು ಕೇಂಬ್ರಿಜ್‌ಶೈರಿಗೆ ಬಂದ. ಅಲ್ಲಿಯ ಪೊಲೀಸರು ಹೊಸ ಹೆಸರಿನಲ್ಲಿ ಮಾತ್ರ ಹುಡುಕಿದರು. 2004ರ ಬಿಚರ್ಡ್ ಸಮಿತಿಯ ವರದಿ ಈ ಎರಡು ಪೊಲೀಸ್ ಪಡೆಗಳ ನಡುವಿನ ಮಾಹಿತಿಯ ಕಂದಕವನ್ನು ಎತ್ತಿ ತೋರಿಸಿತು. ಮಕ್ಕಳೊಡನೆ ಕೆಲಸ ಮಾಡಬಾರದವರ ಈಗಿನ ಪಟ್ಟಿಗೆ 2006ರ ಕಾಯ್ದೆ ಅಡಿಪಾಯ ಹಾಕಿತು. 2012ರಲ್ಲಿ ಪರಿಶೀಲನೆಗೂ ಪಟ್ಟಿಗೂ ಸೇರಿ ಒಂದೇ ಸಂಸ್ಥೆ ಬಂತು. ಅಲ್ಲಿ ಇದ್ದದ್ದು ಒಂದೇ ದೇಶ, ಒಂದೇ ಭಾಷೆ, ಒಂದೇ ಲಿಪಿ.

ನಮ್ಮಲ್ಲಿಯೂ 2018ರ ಸೆಪ್ಟೆಂಬರ್ 20ರಂದು ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಸಂಚಯ ಆರಂಭವಾಯಿತು. ಆಗಲೇ ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ನಮೂದುಗಳಿದ್ದವು. ಅದನ್ನು ತೆರೆಯಬಲ್ಲವರು ಪೊಲೀಸರು ಮತ್ತು ತನಿಖಾ ಸಂಸ್ಥೆಗಳು ಮಾತ್ರ. ಖಾಸಗಿತನದ ದೃಷ್ಟಿಯಿಂದ ಇದು ಸರಿಯೇ. ಆದರೆ ತಾಲೀಮಿಗೆ ಕೊಡುವ ಪತ್ರದಲ್ಲಿ ಅದನ್ನು ನೋಡಲಾಗಿದೆಯೇ, ಯಾವ ಯಾವ ಹೆಸರುಗಳಲ್ಲಿ ನೋಡಲಾಗಿದೆ ಎಂದು ಒಂದು ಸಾಲು ಇದ್ದರೆ ಆ ಪತ್ರದ ಬೆಲೆ ಎಷ್ಟೋ ಹೆಚ್ಚುತ್ತಿತ್ತು.

5. ಪತ್ರಕ್ಕೆ ಸಿಗುವವರು

ಶಿರೋಳ ತಾಲೂಕು ಕಬ್ಬಿನ ಸೀಮೆ, ರಾಜು ಶೆಟ್ಟಿಯವರ ಸ್ವಾಭಿಮಾನಿ ಶೇತಕರಿ ಸಂಘಟನೆಯ ತವರು. ಕಬ್ಬಿನ ದರಕ್ಕಾಗಿ ರಸ್ತೆ ತಡೆ, ಗಾಡಿ ತಡೆ ನಡೆದಾಗ ರೈತರ ಮೇಲೆ ಪ್ರಕರಣ ಬೀಳುವುದು ಇಲ್ಲಿ ಹೊಸದಲ್ಲ. ಗಡಿ ಹೋರಾಟದ ಪ್ರಕರಣಗಳು ಎರಡೂ ಕಡೆ ಇವೆ. 'ಅಪರಾಧ ದಾಖಲಾಗಿದೆ' ಎಂಬ ಒಂದೇ ಸಾಲಿನಿಂದ ಅಳೆದರೆ ಟ್ರ್ಯಾಕ್ಟರ್ ತಡೆದ ರೈತ ಮಕ್ಕಳಿಗೆ ಕುಸ್ತಿ ಕಲಿಸಲು ಅಯೋಗ್ಯನಾಗುತ್ತಾನೆ.

ನ್ಯಾಯಾಲಯದ ದಾರಿ ಇದಕ್ಕಿಂತ ಸೂಕ್ಷ್ಮವಾಗಿದೆ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೇಮಕದ ಸಂದರ್ಭದಲ್ಲಿ, ಅಭ್ಯರ್ಥಿ ತನ್ನ ಮೇಲಿನ ಪ್ರಕರಣಗಳನ್ನು ಮುಚ್ಚಿಡಬಾರದು ಎಂದಿತು. ಹಾಗೆಯೇ ಪ್ರಕರಣ ಕ್ಷುಲ್ಲಕವಾಗಿದ್ದರೆ ಮನ್ನಿಸಬಹುದು, ಖುಲಾಸೆಯಾಗಿದ್ದರೂ ಪೂರ್ವಾಪರವನ್ನು ತೂಗಿ ನೋಡಬಹುದು ಎಂದೂ ಹೇಳಿತು. ಬಾಲನ್ಯಾಯ ಕಾಯ್ದೆ 2015ರ 74ನೆಯ ಕಲಮು ಇನ್ನೊಂದು ಗಡಿ ಹಾಕುತ್ತದೆ: ಬಾಲ್ಯದಲ್ಲಿ ಆದ ತಪ್ಪಿನ ಪ್ರಕರಣ ಮುಗಿದಿದ್ದರೆ ಅದನ್ನು ನಡತೆ ಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ. ಆದ್ದರಿಂದ ತಾಲೀಮಿನ ಪಂಚರು ಕೇಳಬೇಕಾದದ್ದು ಪ್ರಕರಣವಿದೆಯೇ ಎಂದಲ್ಲ, ಯಾವ ಬಗೆಯ ಪ್ರಕರಣ ಎಂದು. ಮಕ್ಕಳ ಮೇಲಿನ, ಲೈಂಗಿಕ, ತೀವ್ರ ಹಿಂಸೆಯ, ಮಾದಕ ವಸ್ತುವಿನ ಪ್ರಕರಣಗಳು ಒಂದು ಕಡೆ. ಚಳವಳಿ, ಬದುವಿನ ಜಗಳ, ಗಾಡಿ ಅಪಘಾತಗಳು ಇನ್ನೊಂದು ಕಡೆ.

6. ಪತ್ರಕ್ಕೆ ಸಿಗದವರು

ಪತ್ರ ಹೇಳಬಲ್ಲದ್ದು ಪೊಲೀಸರ ತನಕ ಬಂದ ಸಂಗತಿಯನ್ನು ಮಾತ್ರ. ಈ ಬಗೆಯ ಅಪರಾಧಗಳಲ್ಲಿ ಬಹಳಷ್ಟು ಅಲ್ಲಿಯ ತನಕ ಬರುವುದಿಲ್ಲ. 1990ರಲ್ಲಿ ಹರಿಯಾಣದ ಪಂಚಕುಲಾದಲ್ಲಿ 14 ವರ್ಷದ ಟೆನಿಸ್ ಆಟಗಾರ್ತಿಯೊಬ್ಬಳ ಮಾನಭಂಗ ಮಾಡಿದವರು ರಾಜ್ಯದ ಟೆನಿಸ್ ಸಂಸ್ಥೆಯ ಅಧ್ಯಕ್ಷರು, ಪೊಲೀಸ್ ಇಲಾಖೆಯ ಐಜಿ ಕೂಡ ಅವರೇ. ಮೂರು ವರ್ಷಗಳ ಮೇಲೆ ಹುಡುಗಿ ಆತ್ಮಹತ್ಯೆ ಮಾಡಿಕೊಂಡಳು. ಶಿಕ್ಷೆಯ ತೀರ್ಪು ಬಂದದ್ದು 2009ರ ಡಿಸೆಂಬರಿನಲ್ಲಿ. ನಡುವಿನ 19 ವರ್ಷ ಅವರು ಶಿಕ್ಷೆಯ ದಾಖಲೆಯಿಲ್ಲದ ಮನುಷ್ಯ. ಯಾವ ಠಾಣೆ ಅವರ ನಡತೆಗೆ ಅಡ್ಡಿ ಬರೆಯುತ್ತಿತ್ತು?

ಹಳ್ಳಿಯಲ್ಲಿ ಇದು ಇನ್ನೂ ಸರಳವಾಗಿ ನಡೆಯುತ್ತದೆ. ಹುಡುಗ ಮನೆಗೆ ಬಂದು ಅಳುತ್ತಾನೆ. ಹಿರಿಯರು ಕೂಡುತ್ತಾರೆ. ಮಗುವಿನ ಹೆಸರು, ಮನೆಯ ಹೆಸರು, ತಾಲೀಮಿನ ಹೆಸರು ಕೆಡಬಾರದೆಂದು ಆ ಮನುಷ್ಯನಿಗೆ ಊರು ಬಿಡಲು ಹೇಳುತ್ತಾರೆ. ಅವನು ಊರು ಬಿಡುತ್ತಾನೆ, ಕಸುಬು ಬಿಡುವುದಿಲ್ಲ. ಮುಂದಿನ ಊರಿನವರು ಅವನ ಗೆದ್ದ ಗದೆ, ಫೋಟೊ ನೋಡುತ್ತಾರೆ, ಪೊಲೀಸ್ ಪತ್ರವೂ ಶುಭ್ರವಾಗಿಯೇ ಬರುತ್ತದೆ. ಪಂಚಾಯ್ತಿ ಮಾಡಿ ಸಾಗಹಾಕಿದವರಿಗೆ ಇದು ಅಪರಾಧ ಎಂಬ ಅರಿವೂ ಇರುವುದಿಲ್ಲ. ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಇಂಥ ಸಂಗತಿ ತಿಳಿದ ಯಾರಾದರೂ ಪೊಲೀಸರಿಗೆ ತಿಳಿಸಲೇಬೇಕು. 21ನೆಯ ಕಲಮಿನಂತೆ ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ.

ಹಿಂದಿನ ಜಾಗದ ವಿಚಾರಣೆ ಇಲ್ಲಿ ನೆರವಿಗೆ ಬರುತ್ತದೆ. ಹೊಸ ತರಬೇತುದಾರ ಬರುವ ಮೊದಲು ಅವನು ಕೆಲಸ ಮಾಡಿದ ಕೊನೆಯ ಎರಡು ಮೂರು ತಾಲೀಮು ಅಥವಾ ಶಾಲೆಗಳಿಗೆ ಫೋನು ಮಾಡಿ, ಸಾಧ್ಯವಾದರೆ ಒಬ್ಬರು ಹೋಗಿ ಕೂತು, ನಾಲ್ಕು ಮಾತು ಕೇಳಬೇಕು. ಯಾವಾಗಿನಿಂದ ಯಾವಾಗಿನ ತನಕ ಇದ್ದರು? ಯಾಕೆ ಬಿಟ್ಟರು? ಮಗು ಅಥವಾ ತಂದೆತಾಯಿ ಎಂದಾದರೂ ಏನಾದರೂ ಹೇಳಿದ್ದುಂಟೇ? ನೀವು ಮತ್ತೆ ಇವರನ್ನು ಇಟ್ಟುಕೊಳ್ಳುತ್ತೀರಾ? ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರ, ಅಥವಾ ಉತ್ತರ ಕೊಡದೆ ಮಾತು ತಿರುಗಿಸುವುದು, ಮೊಹರು ಒತ್ತಿದ ಪತ್ರಕ್ಕಿಂತ ಹೆಚ್ಚು ಹೇಳಬಲ್ಲದು. ಕೇಳಿದ್ದನ್ನು ತಾರೀಖಿನೊಡನೆ ಬರೆದಿಟ್ಟು, ಇಬ್ಬರು ಪಂಚರು ಮಾತ್ರ ನೋಡುವಂತೆ ಬೀಗದಲ್ಲಿಡಬೇಕು. ಗಾಳಿಮಾತಿನಿಂದ ಯಾರ ಹೆಸರೂ ಕೆಡಬಾರದು. ಬರುವವನಿಗೂ ತನ್ನ ಮಾತು ಹೇಳಲು ಅವಕಾಶವಿರಬೇಕು.

7. ಎರಡು ಆಕ್ಷೇಪ

ಸಂಬಳವಿಲ್ಲದೆ ಕಲಿಸುವವರಿಗೆ ಠಾಣೆ ಸುತ್ತಿಸಿದರೆ ಕಲಿಸುವವರೇ ಉಳಿಯುವುದಿಲ್ಲ ಎಂಬುದು ಒಂದು. ಇದು ತಳ್ಳಿಹಾಕುವ ಮಾತಲ್ಲ. ಆದ್ದರಿಂದ ಅರ್ಜಿಯ ಓಡಾಟ, ಖರ್ಚು ಎರಡನ್ನೂ ಮಂಡಳವೇ ಹೊರಬೇಕು. ಎಲ್ಲರಿಗೂ ಒಂದೇ ನಿಯಮ ಮಾಡಬೇಕು. ಊರ ಹಿರಿಯ ವಸ್ತಾದರೇ ಮೊದಲು ಸಹಿ ಹಾಕಿದರೆ ಕಿರಿಯರಿಗೆ ಅದು ಅವಮಾನ ಎನಿಸುವುದಿಲ್ಲ.

ನಮ್ಮ ಊರವನೇ, ಮೂರು ತಲೆಮಾರು ಬಲ್ಲೆವು ಎಂಬುದು ಇನ್ನೊಂದು. ಬಲ್ಲೆವು ಎಂಬ ಭರವಸೆಯ ನೆರಳಿನಲ್ಲೇ ಮಗುವಿನ ಮಾತಿಗೆ ಬೆಲೆ ಇಲ್ಲದಾಗುತ್ತದೆ. ಹೊರಗಿನವನ ಮೇಲೆ ಕಣ್ಣಿಡುವುದು ಸುಲಭ. ಮನೆಯವನಂತಿರುವವನಿಗೆ ಪತ್ರವೂ ವಿಚಾರಣೆಯೂ ಸಾಲದು, ಅವನಿಗೂ ಎಲ್ಲರಿಗೂ ದಿನನಿತ್ಯದ ಕಟ್ಟಳೆ ಬೇಕು. ಕಿರಿಯರಿಗೆ ಬೇರೆ ಮಲಗುವ ಕೋಣೆ, ಬಾಗಿಲು ಮುಚ್ಚಿದ ಕಡೆ ಒಬ್ಬ ದೊಡ್ಡವ ಒಬ್ಬ ಮಗು ಎಂಬ ಸಂದರ್ಭ ಬರದಂತೆ ನೋಡುವುದು, ಮಕ್ಕಳಿಂದ ಮಾಲೀಶು ನಿಲ್ಲಿಸುವುದು, ಪರ ಊರಿನ ಕುಸ್ತಿಗೆ ಹೋಗುವಾಗ ಇಬ್ಬರು ದೊಡ್ಡವರು, ಹುಡುಗಿಯರಿದ್ದರೆ ಜೊತೆಗೊಬ್ಬ ಮಹಿಳೆ, ತಂದೆತಾಯಿ ಯಾವ ಹೊತ್ತಿಗೂ ಬಂದು ನೋಡಬಹುದಾದ ಬಾಗಿಲು. ಇವಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

8. ತೀರ್ಮಾನ

ಹೊಸ ಕಾಯ್ದೆಯಿಲ್ಲದೆ ಈಗಿರುವ ವ್ಯವಸ್ಥೆಯಿಂದಲೇ ಮೂರು ಕೆಲಸ ಆಗಬಹುದು. ತಾಲೀಮು ಮತ್ತು ಮಂಡಳಗಳಲ್ಲಿ ಹಲವು ಸಾರ್ವಜನಿಕ ನ್ಯಾಸ ಕಾಯ್ದೆಯಡಿ ಧರ್ಮಾದಾಯ ಆಯುಕ್ತರಲ್ಲಿ ನೋಂದಾಯಿತವಾಗಿವೆ, ಕೆಲವು ಜಿಲ್ಲಾ ಕ್ರೀಡಾ ಅಧಿಕಾರಿಗಳ ಮೂಲಕ ವ್ಯಾಯಾಮಶಾಲೆ ಅನುದಾನ ಪಡೆಯುತ್ತವೆ. ಸೇವೆಗೆ ಬಂದವರನ್ನೂ ಸೇರಿಸಿ ಎಲ್ಲ ತರಬೇತುದಾರರ ಪರಿಶೀಲನೆಯನ್ನು ಆ ಅನುದಾನಕ್ಕೆ ಷರತ್ತಾಗಿಸಬಹುದು. ಕಳೆದ ಹತ್ತು ವರ್ಷ ಇದ್ದ ಎಲ್ಲ ವಿಳಾಸಗಳನ್ನೂ, ಎರಡೂ ಭಾಷೆಯ ದಾಖಲೆಗಳಲ್ಲಿರುವ ಎಲ್ಲ ಹೆಸರುಗಳನ್ನೂ ಅರ್ಜಿಯಲ್ಲೇ ಕೇಳಿ, ಕೊಲ್ಹಾಪುರ ಮತ್ತು ಬೆಳಗಾವಿ ಜಿಲ್ಲಾ ಪೊಲೀಸರು ಪರಸ್ಪರ ತಾಳೆ ನೋಡಬಹುದು. ಗ್ರಾಮ ಬಾಲ ಸಂರಕ್ಷಣ ಸಮಿತಿ ಶಾಲೆ, ಅಂಗನವಾಡಿಗಳ ಜೊತೆಗೆ ತಾಲೀಮಿಗೂ ಭೇಟಿ ಕೊಡಬಹುದು.

ಉಳಿದದ್ದು ಮಗನನ್ನೋ ಮಗಳನ್ನೋ ಮೈದಾನಕ್ಕೆ ಕಳಿಸುವ ಮನೆಯವರ ಪಾಲಿನದು. ಸೇರಿಸುವ ದಿನವೇ ಕಲಿಸುವವರು ಯಾರು, ಹಿಂದೆ ಎಲ್ಲಿದ್ದರು, ಅಲ್ಲಿ ಯಾರು ಹೋಗಿ ಕೇಳಿ ಬಂದಿದ್ದಾರೆ ಎಂದು ಮಂಡಳವನ್ನು ಕೇಳಿ. ಹಾಗೆ ಕೇಳುವುದು ಅನುಮಾನವಲ್ಲ, ಸಂಸ್ಥೆಗಳು ಪೂರ್ವಾಪರ ವಿಚಾರಣೆ ಮಾಡಿಸುವುದು 2020ರಿಂದ ನಿಯಮ. ಮಗು ಏನಾದರೂ ಹೇಳಿದರೆ ಹಿರಿಯರ ಕೂಟಕ್ಕೆ ಮೊದಲು 1098ಕ್ಕೆ ಅಥವಾ 112ಕ್ಕೆ ಫೋನು ಮಾಡಿ.